ಸುಡಾನ್ 2023: ಟಿವಿಯವರು ಮರೆತ ಮೇಲೆ ನಡೆದಿದ್ದು

ಸುಡಾನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು 2023ರ ಏಪ್ರಿಲ್. ವಿಧಾನಸಭಾ ಚುನಾವಣೆಯ ಗಲಾಟೆಯ ನಡುವೆ, ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಅಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಅದಕ್ಕೆ ಸಿಡುಕಿ ಉತ್ತರಿಸಿದರು. ಆಮೇಲೆ 'ಆಪರೇಷನ್ ಕಾವೇರಿ' ನಡೆಯಿತು. ಪೋರ್ಟ್ ಸುಡಾನ್‌ನಿಂದ ಹಡಗಿನಲ್ಲಿ ಜೆಡ್ಡಾ, ಅಲ್ಲಿಂದ ವಿಮಾನ, ಹೀಗೆ 3,800ಕ್ಕೂ ಹೆಚ್ಚು ಜನ ಪಾರಾದರು. ನಮ್ಮವರು ಬಂದರು, ಟಿವಿಯವರು ಸುಡಾನ್ ಮರೆತರು. ಯುದ್ಧಕ್ಕೆ ಆಗಿನ್ನೂ ಮೂರು ವಾರ ಕೂಡ ಆಗಿರಲಿಲ್ಲ. ಉಳಿದ ವರ್ಷ ಏನಾಯ್ತು ಅನ್ನೋದನ್ನು ಒಂದು ಕಡೆ ಬರೆದಿಡೋಣ ಅಂತ ಈ ಬರಹ.

'ಇಬ್ಬರು ಜನರಲ್‌ಗಳ ಜಗಳ' ಅಂತ ಇದನ್ನು ಮುಗಿಸಿಬಿಡೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಜಗಳ ಇಬ್ಬರದ್ದೇ, ನಿಜ. ಸೇನೆಯ ಮುಖ್ಯಸ್ಥ ಅಬ್ದೆಲ್ ಫತ್ತಾ ಅಲ್ ಬುರ್ಹಾನ್ ಒಂದು ಕಡೆ. ಇನ್ನೊಂದು ಕಡೆ 'ಹೆಮೆದ್ತಿ' ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊ, ರಾಪಿಡ್ ಸಪೋರ್ಟ್ ಫೋರ್ಸಸ್ (ಆರ್‌ಎಸ್‌ಎಫ್) ಪಡೆಯ ಒಡೆಯ. ಆದರೆ ಈ ಪಡೆ ಆಕಾಶದಿಂದ ಉದುರಿದ್ದಲ್ಲ. ದಾರ್ಫುರ್‌ನಲ್ಲಿ ಬಂಡಾಯ ಹತ್ತಿಕ್ಕಲು ಸರ್ವಾಧಿಕಾರಿ ಒಮರ್ ಅಲ್ ಬಶೀರ್ ಬಳಸಿಕೊಂಡ ಜಂಜಾವೀದ್ ಗುಂಪುಗಳಿಗೇ 2013ರಲ್ಲಿ ಈ ಹೊಸ ಹೆಸರು, ಸಮವಸ್ತ್ರ ಸಿಕ್ಕಿದ್ದು. ಚಿನ್ನದ ಗಣಿಗಳು ಹೆಮೆದ್ತಿಗೆ ದುಡ್ಡು ಕೊಟ್ಟವು. 2019ರಲ್ಲಿ ಜನ ಬೀದಿಗಿಳಿದು ಬಶೀರ್ ಬಿದ್ದಾಗ ಅಧಿಕಾರ ಹಂಚಿಕೊಳ್ಳೋಕೆ ಇಬ್ಬರೂ ಮುಂದೆ ಬಂದರು. 2021ರ ಅಕ್ಟೋಬರ್ 25ರಂದು ನಾಗರಿಕ ಸರ್ಕಾರವನ್ನು ಕಿತ್ತೆಸೆಯುವಾಗಲೂ ಜೊತೆಗೇ ಇದ್ದರು. ಅಂದರೆ ಮೊದಲು ಪ್ರಜಾಪ್ರಭುತ್ವದ ಕತ್ತು ಹಿಸುಕಿದರು, ಆಮೇಲೆ ಒಬ್ಬರಿಗೊಬ್ಬರು ಬಿದ್ದರು.

ಕಿಡಿ ಹೊತ್ತಿದ್ದು ಒಂದು ಒಪ್ಪಂದದಲ್ಲಿ. 2022ರ ಡಿಸೆಂಬರ್ 5ರ ಚೌಕಟ್ಟು ಒಪ್ಪಂದದ ಪ್ರಕಾರ ಸೇನೆ ರಾಜಕೀಯದಿಂದ ಹಿಂದೆ ಸರೀಬೇಕು, ಆರ್‌ಎಸ್‌ಎಫ್ ಸೇನೆಯೊಳಗೆ ವಿಲೀನ ಆಗಬೇಕು. ಎಷ್ಟು ವರ್ಷದಲ್ಲಿ? ಸೇನೆ ಎರಡು ಅಂತು, ಹೆಮೆದ್ತಿ ಹತ್ತು ಅಂದರು. ಏಪ್ರಿಲ್ 1ಕ್ಕೆ ಆಗಬೇಕಿದ್ದ ಅಂತಿಮ ಸಹಿ 6ಕ್ಕೆ ಹೋಯ್ತು, ಅಂದೂ ಆಗಲಿಲ್ಲ. ಮೆರೋವೆ ವಾಯುನೆಲೆ ಬಳಿ ಆರ್‌ಎಸ್‌ಎಫ್ ಪಡೆ ಬೀಡುಬಿಟ್ಟಿತು. ಏಪ್ರಿಲ್ 15ರ ಶನಿವಾರ, ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ, ಖಾರ್ಟೂಮ್‌ನಲ್ಲಿ ಗುಂಡು ಹಾರಿತು.

ರಾಜಧಾನಿಯಲ್ಲಿ ಸೇನೆಗೆ ವಿಮಾನಗಳಿದ್ದವು, ಆರ್‌ಎಸ್‌ಎಫ್‌ಗೆ ಬೀದಿಗಳು ಸಿಕ್ಕವು. ಇವರು ಮನೆಗಳಿಗೆ ನುಗ್ಗಿ ದೋಚಿದರು, ಅವರು ಮೇಲಿಂದ ಬಾಂಬ್ ಹಾಕಿದರು. ಸೌದಿ, ಅಮೆರಿಕ ಜೆಡ್ಡಾದಲ್ಲಿ ಕೂರಿಸಿ ಮೇ ತಿಂಗಳಲ್ಲಿ ಕದನವಿರಾಮಕ್ಕೆ ಸಹಿ ಹಾಕಿಸಿದವು. ಅದನ್ನು ಯಾರೂ ಪಾಲಿಸಲಿಲ್ಲ. ಬುರ್ಹಾನ್ ಆಗಸ್ಟ್ ಕೊನೆಯವರೆಗೂ ಸೇನಾ ಕೇಂದ್ರ ಕಚೇರಿಯಲ್ಲೇ ಸಿಲುಕಿದ್ದು, ಕಡೆಗೆ ಹೊರಬಂದು ಪೋರ್ಟ್ ಸುಡಾನ್ ಸೇರಿದರು.

ಇದಕ್ಕಿಂತ ಭೀಕರವಾದದ್ದು ಪಶ್ಚಿಮ ದಾರ್ಫುರ್‌ನ ಅಲ್ ಜನೈನಾದಲ್ಲಿ ನಡೆಯಿತು. ಆರ್‌ಎಸ್‌ಎಫ್ ಮತ್ತು ಅದರ ಜೊತೆಗಿದ್ದ ಅರಬ್ ಸಶಸ್ತ್ರ ಗುಂಪುಗಳು ಮಸಾಲಿತ್ ಸಮುದಾಯವನ್ನು ಹುಡುಕಿ ಹುಡುಕಿ ಕೊಂದವು. ರಾಜ್ಯಪಾಲ ಖಮೀಸ್ ಅಬಕರ್ ಟಿವಿ ಸಂದರ್ಶನದಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿದರು. ಅದೇ ಜೂನ್ 14ರಂದು ಅವರ ಕೊಲೆಯಾಯ್ತು. ಜನ ಚಾಡ್ ಗಡಿಯ ಕಡೆ ಓಡುವಾಗ ದಾರಿಯಲ್ಲೂ ಗುಂಡಿಟ್ಟರು. ಆ ಒಂದು ನಗರದಲ್ಲಿ ಸತ್ತವರು 10,000ದಿಂದ 15,000 ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯ ವರದಿ ಹೇಳಿತು. ಹೊರಗಿನಿಂದ ಆಯುಧ ಬರ್ತಿತ್ತು: ಆರ್‌ಎಸ್‌ಎಫ್‌ಗೆ ಚಾಡ್ ಮಾರ್ಗವಾಗಿ ಯುಎಇ ಶಸ್ತ್ರ ಕಳಿಸುತ್ತಿದೆ ಎಂಬ ಆರೋಪಗಳು ನಂಬುವಂತಿವೆ ಎಂದು ಅದೇ ಸಮಿತಿ ಹೇಳಿತು. ಯುಎಇ ಅದನ್ನು ಅಲ್ಲಗಳೆದಿದೆ.

ಅಕ್ಟೋಬರ್ 26ಕ್ಕೆ ನ್ಯಾಲಾ ಆರ್‌ಎಸ್‌ಎಫ್ ಕೈಸೇರಿತು. ಒಂದು ತಿಂಗಳೊಳಗೆ ಝಲಿಂಜಿ, ಅಲ್ ಜನೈನಾ, ಅದ್ ದಯೀನ್. ದಾರ್ಫುರ್‌ನ ಐದು ರಾಜ್ಯ ರಾಜಧಾನಿಗಳಲ್ಲಿ ಅಲ್ ಫಾಶರ್ ಒಂದೇ ಉಳಿಯಿತು.

ಸರ್ಕಾರ ಅನ್ನೋದೇ ಇಲ್ಲದ ಊರುಗಳಲ್ಲಿ ಅನ್ನ ಬೇಯಿಸಿದ್ದು, ಗಾಯಾಳುಗಳನ್ನು ಹೊತ್ತದ್ದು 'ತುರ್ತು ಸ್ಪಂದನಾ ಕೋಣೆ'ಗಳ ಹುಡುಗ ಹುಡುಗಿಯರು. ಇವರಲ್ಲಿ ಎಷ್ಟೋ ಜನ ಸರ್ವಾಧಿಕಾರದ ವಿರುದ್ಧ ಬೀದಿಗಿಳಿದಿದ್ದ ಪ್ರತಿರೋಧ ಸಮಿತಿಗಳಿಂದ ಬಂದವರು. ಎರಡೂ ಕಡೆಯವರು ಇವರನ್ನು ಬಂಧಿಸಿದರು. ಈ ಕಥೆಯಲ್ಲಿ ಯಾರ ಪರ ಅಂತ ಕೇಳಿದರೆ ನಾನು ಇವರ ಪರ.

ಡಿಸೆಂಬರ್ ಮೊದಲ ದಿನ ಭದ್ರತಾ ಮಂಡಳಿ ಸುಡಾನ್‌ನಲ್ಲಿದ್ದ ವಿಶ್ವಸಂಸ್ಥೆಯ ರಾಜಕೀಯ ಮಿಷನ್ ಮುಚ್ಚಲು ತೀರ್ಮಾನಿಸಿತು. ಮುಚ್ಚಿ ಅಂತ ಕೇಳಿದ್ದು ಬುರ್ಹಾನ್ ಸರ್ಕಾರವೇ. ಅದೇ ತಿಂಗಳ 18ರಂದು ಆರ್‌ಎಸ್‌ಎಫ್ ವಾದ್ ಮದನಿಗೆ ನುಗ್ಗಿತು. ಎರಡು ನೈಲ್‌ಗಳ ನಡುವಿನ ಗೆಜಿರಾ ಪ್ರಾಂತ್ಯದ ರಾಜಧಾನಿ ಇದು, ದೇಶದ ಅನ್ನದ ಕಣಜ. ಖಾರ್ಟೂಮ್ ಬಿಟ್ಟ ಲಕ್ಷಾಂತರ ಜನ ಆಶ್ರಯ ಪಡೆದಿದ್ದೂ ಇಲ್ಲೇ. ಸೇನೆ ಹೆಚ್ಚು ಹೋರಾಡದೇ ಜಾಗ ಖಾಲಿ ಮಾಡಿತು, ಯಾಕೆ ಹೀಗಾಯ್ತು ಅಂತ ತನಿಖೆ ಮಾಡ್ತೀವಿ ಅಂತ ತಾನೇ ಹೇಳಿಕೆ ಕೊಟ್ಟಿತು. ವರ್ಷ ಮುಗಿಯುವಾಗ ಮನೆ ಬಿಟ್ಟವರ ಸಂಖ್ಯೆ 70 ಲಕ್ಷ ದಾಟಿತ್ತು. ವಾದ್ ಮದನಿಯಿಂದ ಹೊರಟವರಲ್ಲಿ ಎಷ್ಟೋ ಮಂದಿಗೆ ಅದು ಎಂಟು ತಿಂಗಳಲ್ಲಿ ಎರಡನೇ ವಲಸೆ.