ಕೂದಲಿಗೆ ಪೆಪ್ಟೈಡ್ ಸೀರಮ್: ದುಡ್ಡು ಕೊಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮೆಡಿಕಲ್ ಶಾಪ್, ಫ್ಯಾನ್ಸಿ ಸ್ಟೋರ್, ಮೊಬೈಲ್ ಜಾಹೀರಾತು, ಎಲ್ಲಿ ನೋಡಿದ್ರೂ ಈಗ ಪೆಪ್ಟೈಡ್ ಹೇರ್ ಸೀರಮ್. ಸಣ್ಣ ಬಾಟಲಿಗೆ ದೊಡ್ಡ ರೇಟು. ಹಚ್ಚಿದ್ರೆ ಕೂದಲು ನಿಜಕ್ಕೂ ಬರುತ್ತಾ?

ಪೆಪ್ಟೈಡ್ ಅಂದ್ರೇನು?

ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಉದ್ದ ಸರವೇ ಪ್ರೋಟೀನ್. ಗಿಡ್ಡ ಸರ ಪೆಪ್ಟೈಡ್. ಇದು ಕೂದಲಿಗೆ ಗೊಬ್ಬರವಲ್ಲ. ಬುಡದ ಜೀವಕೋಶಗಳಿಗೆ ಬೆಳೆಯುವ ಸೂಚನೆ ಕೊಡುತ್ತದೆ ಎಂಬುದು ಕಂಪನಿಗಳ ವಾದ.

ಪುರಾವೆ ಎಷ್ಟಿದೆ?

ಹೆಚ್ಚು ಹೆಸರು ಮಾಡಿರುವುದು ತಾಮ್ರದ ಪೆಪ್ಟೈಡ್. ಇದರ ಮೂಲವಾದ ಜಿಎಚ್‌ಕೆಯನ್ನು 1973ರಲ್ಲಿ ಅಮೆರಿಕದ ಲೊರೆನ್ ಪಿಕಾರ್ಟ್ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದರು. 2007ರಲ್ಲಿ ಕೊರಿಯಾದ ಸಂಶೋಧಕರು ಇದೇ ಬಗೆಯ ಎಎಚ್‌ಕೆ ತಾಮ್ರ ಪೆಪ್ಟೈಡನ್ನು ಪರೀಕ್ಷಿಸಿದಾಗ ಕೂದಲ ಬುಡಗಳು ಉದ್ದ ಬೆಳೆದವು. ಆದರೆ ಅವು ದೇಹದಿಂದ ಹೊರತೆಗೆದು ಲ್ಯಾಬ್‌ನಲ್ಲಿ ಇಟ್ಟಿದ್ದ ಬುಡಗಳು. ತಲೆಯ ಮೇಲೆ ಹಾಗೇ ಆಗುತ್ತೆ ಅನ್ನೋಕಾಗಲ್ಲ.

ಜನರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು, ಕೆಲವೇ ತಿಂಗಳಿನವು. ಹಲವನ್ನು ತಯಾರಕರೇ ಮಾಡಿಸಿದ್ದಾರೆ. ಸೀರಮ್‌ನಲ್ಲಿ ಗಿಡಮೂಲಿಕೆ ಸಾರವೂ ಬೆರೆತಿರುವುದರಿಂದ ಕೆಲಸ ಮಾಡಿದ್ದು ಯಾವುದು ಅಂತ ಹೇಳೋದೇ ಕಷ್ಟ.

ಹೋಲಿಸಿ ನೋಡಿದರೆ, ಮಿನಾಕ್ಸಿಡಿಲ್‌ಗೆ ದೊಡ್ಡ ಪರೀಕ್ಷೆಗಳ ಬೆಂಬಲವಿದೆ. ವಂಶದಿಂದ ಬರುವ ಬೋಳಿಗೆ ಇದನ್ನು ಅಮೆರಿಕದ ಎಫ್‌ಡಿಎ 1988ರಲ್ಲೇ ಒಪ್ಪಿತು. ಫಲ ಕಾಣಲು 4ರಿಂದ 6 ತಿಂಗಳು ಬೇಕು, ಬಿಟ್ಟರೆ ಬಂದ ಕೂದಲೂ ಹೋಗುತ್ತೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹೃದ್ರೋಗಿಗಳು ಡಾಕ್ಟರನ್ನು ಕೇಳದೆ ಹಚ್ಚಬಾರದು.

ಮೊದಲು ಕಾರಣ ಹುಡುಕಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗ್ಯೂ, ಟೈಫಾಯ್ಡ್ ಅಥವಾ ಹೆರಿಗೆ ಆಗಿ 2-3 ತಿಂಗಳಿಗೆ ಕೂದಲು ಗೊಂಚಲಾಗಿ ಉದುರಬಹುದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗೇ ವಾಪಸ್ ಬರುತ್ತೆ. ಆ ಹೊತ್ತಿಗೆ ಸೀರಮ್ ಹಚ್ಚುತ್ತಿದ್ದವರು ಅದರಿಂದಲೇ ಬಂತು ಅಂದ್ಕೋತಾರೆ. ಪಕ್ಕದ ಮನೆಯವರ ಅನುಭವವನ್ನೇ ಪುರಾವೆ ಅಂತ ನಂಬಬಾರದು ಅನ್ನೋದು ಇದಕ್ಕೇ.

ಸುಸ್ತು ಜೊತೆಗಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಟೆಸ್ಟ್ ಮಾಡಿಸಿ. ದುಂಡಗೆ ಕೂದಲು ಹೋಗಿದ್ದರೆ, ನೆತ್ತಿಯಲ್ಲಿ ಹುಣ್ಣಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಅಂಗಡಿಯವರ ಗಮನಕ್ಕೆ

ಔಷಧ ನಿಯಮಗಳ ಶೆಡ್ಯೂಲ್ ಜೆ ಪಟ್ಟಿಯಲ್ಲಿ ಬೋಳುತಲೆ, ಹೊಸ ಕೂದಲು ಬೆಳೆಸುವುದು ಎರಡೂ ಇವೆ. ಈ ಪಟ್ಟಿಯಲ್ಲಿರುವುದನ್ನು ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಸೀರಮನ್ನು ಸೌಂದರ್ಯ ಸಾಮಗ್ರಿ ಅಂತ ಮಾರಿ, ಗ್ಯಾರಂಟಿ ಕೊಡಬೇಡಿ. ಗಿರಾಕಿ ಹಣ ಕಳ್ಕೊಂಡರೆ ಮೊದಲು ಬಂದು ಕೇಳೋದು ನಿಮ್ಮನ್ನೇ.

ಹಚ್ಚಲೇಬೇಕು ಅಂತಿದ್ದರೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ತುರಿಕೆ ಬಂದರೆ ಅಲ್ಲಿಗೇ ಬಿಡಿ. ಪೆಪ್ಟೈಡ್ ಇಂಜೆಕ್ಷನ್ ತರಿಸಿ ಮನೆಯಲ್ಲೇ ಚುಚ್ಚಿಕೊಳ್ಳುವ ಸಾಹಸ ಮಾತ್ರ ಬೇಡವೇ ಬೇಡ.