ಲೈನ್ ಬಜಾರಿನ ಪೇಡಾ: ಮಾರಾಟದ ಎರಡು ದಾರಿಗಳು

ಧಾರವಾಡ ಪೇಡಾದ ಚರಿತ್ರೆಯನ್ನು ಸಾಮಾನ್ಯವಾಗಿ ರುಚಿಯ ಚರಿತ್ರೆಯೆಂದೇ ಹೇಳಿಕೊಂಡು ಬರಲಾಗಿದೆ. ಆದರೆ ಒಂದೇ ಮನೆತನದ ಕೈಯಲ್ಲಿರುವ ಸಣ್ಣ ಉದ್ಯಮವು ಬೆಳೆಯತೊಡಗಿದಾಗ ತನ್ನ ಸರಕನ್ನು ಎಷ್ಟು ಮಾಡಬೇಕು, ಎಲ್ಲಿ ಮಾರಬೇಕು ಎಂಬುದನ್ನು ಹೇಗೆ ನಿಶ್ಚಯಿಸುತ್ತದೆ ಎಂದು ತಿಳಿಯಬಯಸುವವರಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ಉತ್ತರ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಪ್ಲೇಗಿನ ಹಾವಳಿಗೆ ಊರು ಬಿಟ್ಟು, ಇಂದಿನ ಉತ್ತರ ಪ್ರದೇಶದ ಉನ್ನಾವ್‌ನಿಂದ ಧಾರವಾಡಕ್ಕೆ ಬಂದು ನೆಲೆಸಿದ ರಾಮರತನ್ ಸಿಂಗ್ ಠಾಕೂರ್ ಅವರು ಈ ಕಸುಬಿಗೆ ಇಲ್ಲಿ ಅಡಿಪಾಯ ಹಾಕಿದರು. ಅವರ ಮೊಮ್ಮಗ ಬಾಬುಸಿಂಗ್ ಠಾಕೂರ್ ಅವರ ಕಾಲದಲ್ಲಿ ಲೈನ್ ಬಜಾರಿನ ಅಂಗಡಿ ಹೆಸರಾಯಿತು.

ಆ ಅಂಗಡಿಯ ವ್ಯಾಪಾರದ ರೀತಿಯನ್ನು ಅರಿಯಬೇಕಾದರೆ ಮೊದಲು ಸರಕಿನ ಗುಣವನ್ನು ಅರಿಯಬೇಕು. ಹಾಲನ್ನು ಕಾಯಿಸಿ ಬತ್ತಿಸಿದಾಗ ಉಳಿಯುವ ಗಟ್ಟಿ ಭಾಗಕ್ಕೆ ಖೋವಾ ಎನ್ನುತ್ತಾರೆ. ಅದನ್ನು ಸಕ್ಕರೆಯೊಡನೆ ಹದವಾದ ಉರಿಯಲ್ಲಿ, ತಳ ಹತ್ತದಂತೆ ಕೈಬಿಡದೆ ಕದಡುತ್ತ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಪುಡಿಸಕ್ಕರೆಯಲ್ಲಿ ಹೊರಳಿಸಿದರೆ ಪೇಡಾ ಸಿದ್ಧವಾಗುತ್ತದೆ. ಹಾಲಿನ ಪೂರೈಕೆಗೂ ಹುರಿಯುವ ಕೈಗಳಿಗೂ ಮಿತಿಯಿದ್ದುದರಿಂದ, ಗಿರಾಕಿಗಳು ಹೆಚ್ಚಿದರೆಂದು ಒಮ್ಮೆಲೇ ಇಮ್ಮಡಿ ಮಾಡಲು ಹೊರಟರೆ ಹದ ಕೆಡುವ ಭಯ ಸದಾ ಇತ್ತು. ಠಾಕೂರ್ ಮನೆತನವು ಹದವನ್ನು ಮನೆಯೊಳಗಿನ ಗುಟ್ಟಾಗಿ ಕಾಯ್ದುಕೊಂಡು, ಹಲವು ದಶಕಗಳ ಕಾಲ ಒಂದೇ ಅಂಗಡಿಯಲ್ಲಿ ಮಿತವಾಗಿ ಮಾರಿತು. ಸರದಿಯಲ್ಲಿ ನಿಂತವರಲ್ಲಿ ಕೆಲವರು ಬರಿಗೈಯಲ್ಲಿ ಮರಳುವುದು ಅಲ್ಲಿ ರೂಢಿಯ ಮಾತಾಯಿತು. ಅಂಗಡಿಯ ಕೀರ್ತಿಗೆ ಆ ಗುಟ್ಟೇ ಕಾರಣವೆಂದು ಜನ ನಂಬಿದ್ದಾರೆ, ಆದರೆ ಮಾಡಬಲ್ಲಷ್ಟನ್ನೇ ಮಾರುವ ಆ ಸಂಯಮವೂ ಅಷ್ಟೇ ದೊಡ್ಡ ಕಾರಣವೆಂದು ಹೇಳಬೇಕಾಗುತ್ತದೆ.

ಊರೂ ಈ ಮಾರಾಟಕ್ಕೆ ಒದಗಿಬಂದಿತು. ಮುಂಬಯಿ ಪ್ರಾಂತದ ಜಿಲ್ಲಾ ಕೇಂದ್ರವಾಗಿದ್ದ ಧಾರವಾಡಕ್ಕೆ ಕೋರ್ಟು ಕಚೇರಿಗಳ ಕೆಲಸಕ್ಕಾಗಿ ಹೊರಗಿನವರು ಬರುತ್ತಲೇ ಇದ್ದರು. 1917ರಲ್ಲಿ ಕರ್ನಾಟಕ ಕಾಲೇಜು, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ ನೆಲೆಗೊಂಡ ಬಳಿಕ ದೂರದ ಜಿಲ್ಲೆಗಳ ವಿದ್ಯಾರ್ಥಿಗಳೂ ಸೇರಿಕೊಂಡರು. ರಜೆಗೆ ಊರಿಗೆ ಹೊರಟವರು ಕೈಯಲ್ಲಿ ಒಂದು ಪೇಡಾ ಪೊಟ್ಟಣ ಹಿಡಿದು ಹೋಗುವ ವಾಡಿಕೆ ಬೆಳೆಯಿತು. ತೇವ ಕಡಿಮೆಯಿರುವ ಈ ಸಿಹಿ ಪ್ರಯಾಣದಲ್ಲಿ ಬೇಗ ಕೆಡದಿದ್ದುದರಿಂದ, ಅಂಗಡಿಕಾರರು ಜಾಹೀರಾತಿಗೆ ರೊಕ್ಕ ಸುರಿಯದೆಯೂ ಹೆಸರು ಊರೂರಿಗೆ ಮುಟ್ಟಿತು.

ಎರಡನೆಯ ದಾರಿಯನ್ನು ಹಿಡಿದದ್ದು 1933ರಿಂದ ಈ ಕಸುಬಿನಲ್ಲಿರುವ ಮಿಶ್ರಾ ಮನೆತನ. ಮೊದಲ ಅಂಗಡಿಯಲ್ಲಿ ಸಿಗದೆ ಮರಳಿದವರ ಬೇಡಿಕೆ ಹೇಗೂ ಉಳಿದಿತ್ತು. ಮಿಶ್ರಾ ಮನೆತನದ ಮುಂದಿನ ತಲೆಮಾರುಗಳು ಗಿರಾಕಿಯನ್ನು ಲೈನ್ ಬಜಾರಿಗೆ ಕರೆಯುವ ಬದಲು ಅವನು ಬಸ್ಸಿಗೆ ಕಾಯುವ ಜಾಗಕ್ಕೇ ಅಂಗಡಿಯನ್ನು ಒಯ್ದವು. ಹುಬ್ಬಳ್ಳಿ ಈ ಲೆಕ್ಕಾಚಾರಕ್ಕೆ ತಕ್ಕ ಊರು: ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿದ್ದು, 1962ರಲ್ಲಿ ಒಂದೇ ಮಹಾನಗರ ಪಾಲಿಕೆಗೆ ಸೇರಿದ ಆ ವ್ಯಾಪಾರಿ ನಗರದಲ್ಲಿ ರೈಲು ಮಾರ್ಗಗಳೂ ಹೆದ್ದಾರಿಗಳೂ ಕೂಡುತ್ತವೆ. ಖಾರ, ಬೇಕರಿ ತಿನಿಸುಗಳೂ ಪೇಡಾದ ಪಕ್ಕದಲ್ಲಿ ಕುಳಿತವು. ಇದರಿಂದ ಒಂದೇ ಸರಕಿನ ಮೇಲಿನ ಅವಲಂಬನೆ ತಗ್ಗಿತು, ಮಳಿಗೆಗಳು ರಾಜ್ಯದ ಗಡಿಯನ್ನೂ ದಾಟಿದವು. ಮುಂದೆ ಠಾಕೂರ್ ಮನೆತನವೂ ಲೈನ್ ಬಜಾರಿನಾಚೆ ಮಳಿಗೆಗಳನ್ನು ತೆರೆದದ್ದನ್ನು ನೋಡಿದರೆ, ಮೊದಲ ದಾರಿಯೂ ಕಾಲಕ್ಕೆ ತಕ್ಕಂತೆ ಅಗಲವಾಯಿತೆಂದು ತಿಳಿಯುತ್ತದೆ.

ಊರಿನ ಹೆಸರಿಗೆ ಬೆಲೆ ಬಂದಂತೆ ಅದನ್ನು ಹಚ್ಚಿಕೊಂಡು ಮಾರುವವರೂ ಹೆಚ್ಚಿದರು. ಒಂದು ಸರಕಿನ ಹೆಸರು ಅದು ಹುಟ್ಟಿದ ಪ್ರದೇಶಕ್ಕೇ ಸಲ್ಲುತ್ತದೆಂದು ಕಾನೂನು ಒಪ್ಪುವುದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಎನ್ನುತ್ತಾರೆ. 1999ರ ಕಾಯ್ದೆಯಡಿ ಧಾರವಾಡ ಪೇಡಾ 85ನೆಯ ಸಂಖ್ಯೆಯಲ್ಲಿ ನೋಂದಣಿಯಾಗಿದೆ. ಈ ಮಾನ್ಯತೆ ಯಾವ ಒಂದು ಮನೆತನದ ಸ್ವತ್ತೂ ಅಲ್ಲ, ಆ ಪ್ರದೇಶದ ತಯಾರಕರೆಲ್ಲರಿಗೂ ನಿಯಮಕ್ಕೊಳಪಟ್ಟು ದೊರೆಯುವಂಥದು. ಆದ್ದರಿಂದ ಡಬ್ಬಿಯ ಮೇಲೆ ಊರಿನ ಹೆಸರಿನ ಜೊತೆಗೆ ಮನೆತನದ ಹೆಸರನ್ನೂ ಅಚ್ಚು ಹಾಕಿಸುವ ಪದ್ಧತಿ ನೋಂದಣಿಯ ನಂತರವೂ ಮುಂದುವರಿದಿದೆ.