ಮಂಗಳೂರಿನ ಒಂದು ಯಹೂದಿ ಮನೆ: ಶಿಲೆ, ಓಲೆ ಮತ್ತು ಕಾಗದ

ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಪ್ರಾಚೀನವಾದ ಜೈನಕ್ಷೇತ್ರ. ಅಲ್ಲಿಯ 1117ರ ಶಾಸನವೊಂದು ರೈಸ್ ಅವರ ಸಂಪುಟದಲ್ಲಿ ಮಳವಳ್ಳಿ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಸೇರಿದೆ. ತಲಕಾಡನ್ನು ಚೋಳರಿಂದ ಬಿಡಿಸಿದ ದಂಡನಾಯಕ ಗಂಗರಾಜನಿಗೆ ಹೊಯ್ಸಳ ವಿಷ್ಣುವರ್ಧನನು ಮೆಚ್ಚಿ ವರ ನೀಡಲು, ಅವನು ತಿಪ್ಪೂರನ್ನು ಬೇಡಿ ಪಡೆದು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟನೆಂಬುದು ಅದರ ಸಾರ. ಕೊಟ್ಟವರು ಯಾರು, ಪಡೆದವರು ಯಾರು, ಗುರುಪರಂಪರೆ ಯಾವುದು ಎಂಬುದನ್ನೆಲ್ಲ ಶಿಲೆ ಹೇಳುತ್ತದೆ. ಆ ಊರಿನ ಒಂದು ಮನೆಯಲ್ಲಿ ಹೆಂಡತಿ ಮಕ್ಕಳು ಹೇಗೆ ಬಾಳಿದರು, ಏನನ್ನು ಉಂಡರು, ಯಾರಿಗಾಗಿ ಅತ್ತರು ಎಂಬುದನ್ನು ಹೇಳುವುದು ಶಾಸನದ ಕೆಲಸವಲ್ಲ. ಆದುದರಿಂದ 12ನೆಯ ಶತಮಾನದ ಕನ್ನಡ ನಾಡಿನ ಸಾಮಾನ್ಯ ಕುಟುಂಬವೊಂದರ ಒಳಬಾಳು ನಮಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲು.

ಹೀಗಿರುವಾಗ ಅದೇ ವಿಷ್ಣುವರ್ಧನನ ಕಾಲದಲ್ಲಿ, ಘಟ್ಟದ ಕೆಳಗೆ ಆಳುಪರ ಮಂಗಳೂರಿನಲ್ಲಿ ಬಾಳಿದ ಒಂದು ಮನೆಯ ಬಾಗಿಲು ಮಾತ್ರ ತೆರೆದುಕೊಂಡಿರುವುದು ಆಶ್ಚರ್ಯದ ಸಂಗತಿ. ಅದು ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಎಂಬವನ ಮನೆ. ಇವನು ಇಂದಿನ ಟುನೀಸಿಯಾದ ಮಹದಿಯಾ ಪಟ್ಟಣದವನು. ಏಡನ್ನಿನ ಮೂಲಕ ಕರಾವಳಿಗೆ ಬಂದು, ಸುಮಾರು 1132ರಿಂದ 1149ರವರೆಗೆ ಇಲ್ಲಿಯೇ ನೆಲೆಸಿದ. ಅವನ ಕಾಗದಗಳಲ್ಲಿ ಊರಿನ ಹೆಸರು ‘ಮಂಜರೂರ್’. ಅಡಕೆ, ಮೆಣಸು, ಏಲಕ್ಕಿ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಕಳುಹಿಸಿ ಹೊಸ ದೀಪ, ಹೊಸ ಬಟ್ಟಲು ಮಾಡಿಸಿಕೊಳ್ಳುತ್ತಿದ್ದರು. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಸೇವಕನ ಹೆಸರು ಅರಬ್ಬೀ ಕಾಗದಗಳಲ್ಲಿ ಮೂರೇ ಅಕ್ಷರಗಳಲ್ಲಿ ಉಳಿದಿತ್ತು. ಅಮಿತಾವ್ ಘೋಷ್ ಅವರು 1992ರ ತಮ್ಮ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಕೃತಿಗಾಗಿ ಆ ಹೆಸರನ್ನು ಅರಸಿ ಬಂದಾಗ, ಅದು ‘ಬೊಮ್ಮ’ ಎಂದು ತಿಳಿಯಲು ನೆರವಾದವರು ಪ್ರೊ. ಬಿ.ಎ. ವಿವೇಕ ರೈ. ಶಾಸನಗಳನ್ನು ಓದಿ ಬಲ್ಲ ಕನ್ನಡಿಗರಿಗೆ ಬೊಮ್ಮ, ಬೊಮ್ಮಯ್ಯ ಎಂಬ ಹೆಸರುಗಳು ಹೊಸವಲ್ಲ.

ಈ ಮನೆಯ ಗೃಹಿಣಿಯನ್ನು ನಾವು ತಿಳಿಯುವುದು ಒಂದು ಕರಡು ಪತ್ರದಿಂದ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದ. ಯಹೂದಿ ಧರ್ಮಕ್ಕೆ ಸೇರಿದ ಅವಳಿಗೆ ಬೆರಾಖಾ ಎಂಬ ಹೆಸರನ್ನೂ ಅದು ಹೇಳುತ್ತದೆ. ‘ಆಶೀರ್ವಾದ’ ಎಂಬುದು ಅದರ ಅರ್ಥ. ಅನಂತರ ಅವಳನ್ನೇ ಅವನು ವರಿಸಿದನೆಂದೂ ಅವನ ಮಕ್ಕಳ ತಾಯಿ ಅವಳೇ ಎಂದೂ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ನಾಯರ್ ಎಂಬ ಭಾವಮೈದುನನ ಉಲ್ಲೇಖವೊಂದು ಅವನ ಲೆಕ್ಕದಲ್ಲಿರುವುದರಿಂದ ಅವಳು ಮಲಯಾಳ ಕಡೆಯವಳಿರಬಹುದೆಂಬ ಊಹೆಯೂ ಇದೆ.

ಮನೆಗೆ ಏಡನ್ನಿನಿಂದ ಬರುತ್ತಿದ್ದ ಉಡುಗೊರೆಗಳ ಪಟ್ಟಿಯೇ ಒಂದು ಸಂಸಾರಚಿತ್ರ: ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ, ಯಹೂದಿಗಳ ಆಹಾರನಿಯಮಕ್ಕೆ ಒಪ್ಪುವ ಗಿಣ್ಣು. ಇವೆಲ್ಲಕ್ಕಿಂತ ಹೆಚ್ಚಾಗಿ ಬಿಳಿಯ ಕಾಗದ. ತಾಳೆಗರಿಯ ನಾಡಿನಲ್ಲಿ ಕಾಗದ ಸಿಕ್ಕದೆಂದು ಬಲ್ಲ ಗೆಳೆಯರು ಅದನ್ನು ತಪ್ಪದೆ ಕಳುಹಿಸುತ್ತಿದ್ದರು. ಬೆನ್ ಯಿಜು ವ್ಯಾಪಾರಿಯಾಗಿದ್ದಂತೆ ಕವಿಯೂ ಆಗಿದ್ದ. ಪ್ರಾರ್ಥನಾಮಂದಿರದಲ್ಲಿ ರಾಗವಾಗಿ ಹಾಡುವ ‘ಪಿಯ್ಯೂತ್’ ಎಂಬ ಹೀಬ್ರೂ ಸ್ತೋತ್ರಗಳನ್ನು ರಚಿಸುತ್ತಿದ್ದ. ಏಡನ್ನಿನ ಆಪ್ತಮಿತ್ರ ಮದ್ಮೂನನನ್ನೂ ಕವಿತೆಯಲ್ಲಿ ಕೊಂಡಾಡಿದ್ದಾನೆ. ಕಾಗದ ದುರ್ಲಭವಾದುದರಿಂದ ಬಂದ ಓಲೆಗಳ ಬೆನ್ನು ಅಂಚುಗಳಲ್ಲಿ ಅವನ ಲೆಕ್ಕಗಳೂ ಟಿಪ್ಪಣಿಗಳೂ ತುಂಬಿವೆ. ಅಡಕೆಯ ಲೆಕ್ಕವೂ ದೇವರ ಸ್ತೋತ್ರವೂ ಒಂದೇ ಕೈಬರಹದಲ್ಲಿ ನೆರೆಹೊರೆಯಾಗಿ ಉಳಿದಿರುವುದು ಹೀಗೆ.

1148ರಲ್ಲಿ ಸಿಸಿಲಿಯ ದೊರೆ ರೋಜರನ ಸೇನೆ ಮಹದಿಯಾವನ್ನು ಹಿಡಿಯಿತು. ಒಡಹುಟ್ಟಿದವರು ದಿಕ್ಕಾಪಾಲಾದರು. ಮರುವರ್ಷ ಮಕ್ಕಳೊಡನೆ ಏಡನ್ನಿಗೆ ಮರಳಿದ ಬೆನ್ ಯಿಜು ಅವರಿಗೆ ಪತ್ರ ಬರೆದು, ತಾನು ಗಳಿಸಿದುದು ಎಲ್ಲರ ಬಾಳಿಗೂ ಸಾಕೆಂದು ತಿಳಿಸಿದ. ಆದರೆ ಮಗ ಏಡನ್ನಿನಲ್ಲಿ ತೀರಿಕೊಂಡ. ಅನಂತರದ ಪತ್ರವೊಂದರಲ್ಲಿ ತಂದೆ ತನ್ನ ಇಬ್ಬರು ಮಕ್ಕಳನ್ನು ಕಾಮಕಸ್ತೂರಿಯ ಎರಡು ಕುಡಿಗಳಿಗೆ ಹೋಲಿಸುತ್ತಾನೆ; ಒಂದು ಬಾಡಿತು, ಉಳಿದದ್ದು ಮಗಳು ಸಿತ್ತ್ ಅಲ್-ದಾರ್ ಒಬ್ಬಳೇ. ‘ಮನೆಯೊಡತಿ’ ಎಂಬುದು ಆ ಹೆಸರಿನ ಅರ್ಥ. ಅವಳನ್ನು ಹೊರಗಿನವರಿಗೆ ಕೊಡಲೊಲ್ಲದೆ, ಸಿಸಿಲಿಯಲ್ಲಿದ್ದ ತಮ್ಮ ಯೂಸುಫನ ಮಗ ಸುರೂರನಿಗೆ ಕೊಡಲು ಬಯಸಿದ. 1156ರಲ್ಲಿ ಹಳೆಯ ಕೈರೋ ಆದ ಫುಸ್ತಾತಿನಲ್ಲಿ ಆ ಮದುವೆ ನೆರವೇರಿತು. ತುಳುನಾಡಿನಲ್ಲಿ ಬೆಳೆದ ಈ ಹುಡುಗಿಯ ಮದುವೆಯ ಬಳುವಳಿಯ ಪಟ್ಟಿಯೂ ನಮಗೆ ಉಳಿದು ಬಂದಿದೆ. ತಾಯಿಯ ಸುದ್ದಿ ಮಾತ್ರ ಈ ಪಯಣದ ಯಾವ ಪತ್ರದಲ್ಲಿಯೂ ಇಲ್ಲ. ದಾಸ್ಯದಿಂದ ಬಿಡಿಸಿದ ಪತ್ರವೇ ಅಶುವಿಗೆ ಚರಿತ್ರೆಯಲ್ಲಿ ಉಳಿದ ಸಾಕ್ಷಿ.

ಇಷ್ಟೆಲ್ಲ ಉಳಿದದ್ದಾದರೂ ಹೇಗೆ? ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಯಹೂದಿಗಳು ಹಳೆಯ ಕಾಗದಗಳನ್ನು ‘ಗೆನೀಜಾ’ ಎಂಬ ಕೋಣೆಗೆ ಹಾಕುತ್ತಿದ್ದರು. ಫುಸ್ತಾತಿನ ಬೆನ್ ಎಜ್ರಾ ಮಂದಿರದ ಗೆನೀಜಾ ಎಂಟುನೂರು ವರ್ಷಗಳಿಗೂ ಮಿಕ್ಕಿ ಹೀಗೆ ತುಂಬಿತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಎಸ್.ಡಿ. ಗೊಯ್ಟೈನ್ ಭಾರತಕ್ಕೆ ಸಂಬಂಧಿಸಿದ ಪತ್ರಗಳನ್ನು ಆರಿಸಿ ಓದಿದರು. ಅವರ ಕೆಲಸವನ್ನು ಮೊರ್ದಕೈ ಫ್ರೀಡ್ಮನ್ ಪೂರ್ಣಗೊಳಿಸಿದರು.

ನಮ್ಮಲ್ಲಿಯೂ ಬರಹದ ಬಗೆಗೆ ಭಕ್ತಿ ಕಡಮೆಯದಲ್ಲ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮೂಡುಬಿದಿರೆಯ ಧವಳಾ ಓಲೆಗಳು ಉಳಿದುದೂ ಇಂಥ ಶ್ರದ್ಧೆಯಿಂದಲೇ. ಆದರೆ ಶಾಸ್ತ್ರದಾನ ಉಳಿಸಿದ್ದು ಪ್ರತಿಮಾಡಲು ಯೋಗ್ಯವೆನಿಸಿದ ಗ್ರಂಥವನ್ನು. ಗೆನೀಜಾ ಉಳಿಸಿದ್ದು ಯಾರೂ ಪ್ರತಿಮಾಡದ ಚೀಟಿಯನ್ನು. ಮೊದಲನೆಯದರಿಂದ ನಮಗೆ ಕಾವ್ಯ ದಕ್ಕಿತು, ಎರಡನೆಯದರಿಂದ ಒಂದು ಮನೆ ದಕ್ಕಿತು. ಚರಿತ್ರೆಗೆ ಎರಡೂ ಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಕಡತ, ಲೆಕ್ಕದ ಪುಸ್ತಕ, ಮದುವೆಯ ಖರ್ಚಿನ ಪಟ್ಟಿ, ಹೆಂಗಸರ ಹಾಡಿನ ಪುಸ್ತಕಗಳು ಇರುವುದುಂಟು. ಮನೆ ಒಡೆಯುವಾಗ ಇವು ಒಲೆಗೋ ರದ್ದಿಗೋ ಹೋಗುತ್ತವೆ. ಸಂಶೋಧನೆಗೆ ಹೊರಟ ವಿದ್ಯಾರ್ಥಿಗಳು ಊರಿನ ಶಾಸನದ ಪಡಿಯಚ್ಚು ತೆಗೆಯುವ ದಿನವೇ ಅಂಥ ಒಂದು ಅಟ್ಟವನ್ನೂ ಹತ್ತಿ ನೋಡುವುದು ಒಳಿತು. ತಿಪ್ಪೂರಿನ ಶಿಲೆ ಹೇಳದೆ ಬಿಟ್ಟ ಮಾತು ಅಲ್ಲಿ ಯಾವುದೋ ಚೀಟಿಯ ಬೆನ್ನಿನಲ್ಲಿ ಇದ್ದೀತು.